ಮೂರು ದಿನದ ಬಟ್ಟೆ

ಶಾಲೆಗಳ ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಬಯಲುಸೀಮೆಯ ಊರುಗಳಿಂದ ಜನ ಕಡಲಿನ ಕಡೆಗೆ ಹೊರಡುತ್ತಾರೆ. ಮಲ್ಪೆ, ಪಣಂಬೂರು, ಮುರ್ಡೇಶ್ವರ, ಗೋಕರ್ಣ, ಕಾರವಾರ ಎಲ್ಲ ಕಡೆ ಜನಜಂಗುಳಿ. ಒಂದೆರಡು ತಲೆಮಾರಿನ ಹಿಂದೆ ಕಡಲನ್ನು ಕಾಣದೆಯೇ ಬದುಕು ಮುಗಿಸಿದ ಅಜ್ಜಿಯರು ನಮ್ಮ ಮನೆಗಳಲ್ಲಿದ್ದರು. ಅವರ ಮೊಮ್ಮಕ್ಕಳು ಈಗ ಅಲೆಗೆ ಕಾಲೊಡ್ಡಿ ನಗುತ್ತಾರೆ. ಇದು ಸಂತೋಷದ ಮಾತೇ. ಈ ಲೇಖನ ಆ ಸಂತೋಷದ ವಿರುದ್ಧ ಅಲ್ಲ.

ನನ್ನ ಪ್ರಶ್ನೆ ಈ ಪ್ರವಾಸಕ್ಕೆ ಹೊರಡುವ ಮುನ್ನ ತುಂಬುವ ಚೀಲದ ಬಗ್ಗೆ. ಮೂರು ದಿನದ ಪ್ರವಾಸಕ್ಕೆಂದು ಮನೆಮಂದಿಗೆಲ್ಲ ಹೊಸ ಬಟ್ಟೆ ಕೊಳ್ಳುವುದು ಈಗ ರೂಢಿಯಾಗಿದೆ. ಅಂಗಡಿಗಳಲ್ಲಿ ಬೇಸಗೆಗೆಂದೇ ಬೇರೆ ಸಾಲು ಇರುತ್ತದೆ. ತೆಂಗಿನ ಮರದ ಚಿತ್ರವಿರುವ ಅಂಗಿ, ಗಂಡಸರ ಚಡ್ಡಿ, ಮಕ್ಕಳ ಈಜುಡುಗೆ, ತೆಳುವಾದ ಹೊದಿಕೆ, ಟೋಪಿ. ಫೋಟೋದಲ್ಲಿ ಎರಡು ದಿನ ಒಂದೇ ಬಟ್ಟೆ ಕಾಣಬಾರದು ಎಂಬ ಹಟ ಬೇರೆ. ಪ್ರವಾಸ ಮುಗಿದ ಮೇಲೆ ಈ ಬಟ್ಟೆಗಳಿಗೆ ಊರಿನಲ್ಲಿ ಕೆಲಸವಿಲ್ಲ. ಅವು ಕಪಾಟಿನ ತಳ ಸೇರುತ್ತವೆ. ಮುಂದಿನ ಬೇಸಗೆಗೆ ಮಕ್ಕಳು ಬೆಳೆದಿರುತ್ತಾರೆ, ದೊಡ್ಡವರ ಅಭಿರುಚಿ ಬದಲಾಗಿರುತ್ತದೆ. ಮೂರು ದಿನ ಉಡುವುದಕ್ಕಾಗಿ ಹುಟ್ಟಿದ ಬಟ್ಟೆಗೆ ನಾವು ಏನಾದರೂ ಋಣಿಗಳೇ? ಅದನ್ನು ಕೊಂಡವರ ದುಡ್ಡು, ಉಟ್ಟವರ ಮೈ. ಇದರಲ್ಲಿ ನೀತಿ ಅನೀತಿಯ ಮಾತೆಲ್ಲಿ ಬಂತು ಎಂದು ಯಾರಾದರೂ ಕೇಳಬಹುದು.

ಬಟ್ಟೆಯ ವಿಷಯದಲ್ಲಿ ನೀತಿಯ ಮಾತು ಬರುವುದೇ ಇಲ್ಲವೆಂದಲ್ಲ. ಬೇಕಾದಷ್ಟು ಬರುತ್ತದೆ. ಆದರೆ ಅದು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಮೈ ಎಷ್ಟು ಮುಚ್ಚಿದೆ, ಎಷ್ಟು ಬಿಚ್ಚಿದೆ? ಕೇಳುವುದು ಹೆಚ್ಚಾಗಿ ಹೆಣ್ಣನ್ನು. ಕಡಲ ದಡದಲ್ಲಂತೂ ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. 1946ರ ಜುಲೈ 5ರಂದು ಪ್ಯಾರಿಸ್ಸಿನಲ್ಲಿ ಲೂಯಿ ರೇಆರ್ ಎಂಬಾತ ಎರಡು ತುಂಡಿನ ಈಜುಡುಗೆಯನ್ನು ಪ್ರದರ್ಶಿಸಿ ಅದಕ್ಕೆ ಬಿಕಿನಿ ಎಂದು ಹೆಸರಿಟ್ಟ. ಅದಕ್ಕೆ ನಾಲ್ಕು ದಿನ ಮೊದಲು ಪೆಸಿಫಿಕ್ ಸಾಗರದ ಬಿಕಿನಿ ಎಂಬ ಹವಳ ದ್ವೀಪದಲ್ಲಿ ಅಮೆರಿಕ ಅಣುಬಾಂಬ್ ಸಿಡಿಸಿತ್ತು. ಅದೇ ಮಾರ್ಚ್‌ನಲ್ಲಿ ಅಲ್ಲಿನ 167 ನಿವಾಸಿಗಳನ್ನು ಅವರ ಸ್ವಂತ ಕಡಲ ದಡದಿಂದ ಎಬ್ಬಿಸಿ ಬೇರೆ ದ್ವೀಪಕ್ಕೆ ಸಾಗಿಸಲಾಗಿತ್ತು. 1970ರ ದಶಕದಲ್ಲಿ ಕೆಲವರು ಮರಳಿದರು. ವಿಕಿರಣದ ಭಯದಿಂದ 1978ರಲ್ಲಿ ಮತ್ತೆ ಖಾಲಿ ಮಾಡಬೇಕಾಯಿತು. ಆ ಉಡುಪನ್ನು ಕಂಡು ಹಲವರಿಗೆ ನಾಚಿಕೆಯಾಯಿತು, ಹಲವರಿಗೆ ಸ್ವಾತಂತ್ರ್ಯದ ಅನುಭವವಾಯಿತು. ಎರಡೂ ಕಡೆಯವರು ಅಳೆದದ್ದು ಬಟ್ಟೆಯ ಅಗಲವನ್ನು. ಕಡಲ ದಡವನ್ನೇ ಕಳೆದುಕೊಂಡವರ ಹೆಸರನ್ನು ಕಡಲ ದಡದ ಮೋಜಿನ ಉಡುಪಿಗೆ ಇಟ್ಟದ್ದರಲ್ಲಿ ನಾಚಿಕೆಗೇಡಿನದು ಏನಾದರೂ ಇದೆಯೇ ಎಂಬ ಪ್ರಶ್ನೆ ಹಿಂದೆ ಉಳಿಯಿತು.

ಇನ್ನೊಂದು ತುದಿಯ ಕಥೆಯೂ ಹೀಗೆಯೇ. ಲೆಬನಾನ್ ಮೂಲದ ಆಸ್ಟ್ರೇಲಿಯಾದ ಮಹಿಳೆ ಅಹೆದಾ ಝನೆಟ್ಟಿ 2004ರಲ್ಲಿ ಮೈ ತಲೆ ಮುಚ್ಚುವ ಈಜುಡುಗೆಯನ್ನು ರೂಪಿಸಿದರು. ಅದೇ ಬುರ್ಕಿನಿ. 2016ರ ಬೇಸಗೆಯಲ್ಲಿ ಫ್ರಾನ್ಸಿನ ಹಲವು ಕಡಲೂರುಗಳು ಅದನ್ನು ನಿಷೇಧಿಸಿದವು. ನೀಸ್ ನಗರದ ದಡದಲ್ಲಿ ಪೊಲೀಸರು ಒಬ್ಬ ಮಹಿಳೆಯ ಸುತ್ತ ನಿಂತ ಚಿತ್ರವನ್ನು ಜಗತ್ತೇ ನೋಡಿತು. ಆಗಸ್ಟ್ 26ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಒಂದು ಊರಿನ ನಿಷೇಧಕ್ಕೆ ತಡೆ ನೀಡಿತು. ನಮ್ಮ ಕಡಲ ತೀರದ ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದ 2022ರಲ್ಲಿ ನಾಡನ್ನೆಲ್ಲ ಆವರಿಸಿದಾಗಲೂ ಒಂದು ಗಜ ಬಟ್ಟೆಯ ಬಗ್ಗೆ ಲಕ್ಷ ಮಾತು ಬಂತು. ಹೆಣ್ಣಿನ ಉಡುಪನ್ನು ಸರಕಾರವಾಗಲಿ ಬೀದಿಯಾಗಲಿ ತೀರ್ಮಾನಿಸಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಮುಚ್ಚುವುದು ಬಿಚ್ಚುವುದರ ಈ ಜಗಳದಲ್ಲಿ ಬಟ್ಟೆಯೇ ಕಾಣದೆ ಹೋಯಿತು ಎಂಬುದೂ ನಿಜ.

ಯಾಕೆಂದರೆ ಇವತ್ತಿನ ಅಂಗಡಿಯಲ್ಲಿ ಬಿಕಿನಿ ಮತ್ತು ಬುರ್ಕಿನಿ ಒಂದೇ ತಾಯಿಯ ಮಕ್ಕಳು. ಎರಡೂ ಪಾಲಿಯೆಸ್ಟರ್, ನೈಲಾನ್ ಮುಂತಾದ ಕೃತಕ ಎಳೆಗಳಿಂದ, ಅಂದರೆ ಬಹುಪಾಲು ಕಲ್ಲೆಣ್ಣೆಯಿಂದ ಆದವು. ನಮ್ಮ ಹೆಣ್ಣುಮಕ್ಕಳು ಈಗ ಹೆಚ್ಚಾಗಿ ಮೆಚ್ಚುವ ನಿದಾ ಬಟ್ಟೆಯ ಬುರ್ಖಾ ಕೂಡ ಪಾಲಿಯೆಸ್ಟರೇ. ಗಂಡಸರ ಬೇಗ ಒಣಗುವ ಚಡ್ಡಿಯೂ ಅದೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ಶಾಸ್ತ್ರಜ್ಞರು ಕಂಡುಹಿಡಿದ ಈ ಎಳೆ ಇಂದು ಜಗತ್ತಿನ ಒಟ್ಟು ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಡೆದಿದೆ. ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳು ಅದರಿಂದ ಉದುರುತ್ತವೆ. ಜಗತ್ತಿನ ಹಲವು ಕಡಲ ದಡಗಳ ಮರಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಉಡುಪಿನಿಂದ ಒಂದು ಒಗೆತಕ್ಕೆ 1,900ಕ್ಕೂ ಹೆಚ್ಚು ಎಳೆಗಳು ಹೊರಬರಬಹುದು ಎಂದು ತೋರಿಸಿತು. ಕಾರ್ಖಾನೆಯ ಉಂಡೆಗಳು, ಸವೆದ ಟೈರು, ಒಗೆದ ಬಟ್ಟೆ ಇತ್ಯಾದಿಗಳಿಂದ ಸಣ್ಣ ಕಣಗಳಾಗಿಯೇ ಕಡಲು ಸೇರುವ ಪ್ಲಾಸ್ಟಿಕ್‌ನಲ್ಲಿ ಶೇಕಡ 35ರಷ್ಟು ಕೃತಕ ಬಟ್ಟೆಗಳ ಒಗೆತದಿಂದ ಬರುತ್ತದೆ ಎಂದು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತು. ಬಟ್ಟೆ ಹೊಸದಾಗಿದ್ದಾಗ, ಮೊದಲ ಕೆಲವು ಒಗೆತಗಳಲ್ಲೇ, ಈ ಎಳೆಗಳು ಹೆಚ್ಚು ಉದುರುತ್ತವೆ. ಹಾಗಾಗಿ ಮೂರೇ ದಿನ ಉಟ್ಟು ಎಸೆಯುವ ಬಟ್ಟೆ, ಹತ್ತು ವರ್ಷ ಉಡುವ ಬಟ್ಟೆಗಿಂತ ಉಟ್ಟ ದಿನದ ಲೆಕ್ಕದಲ್ಲಿ ಬಹಳ ಹೆಚ್ಚು ಹಾನಿ ಮಾಡುತ್ತದೆ. ಯಾವ ಕಡಲನ್ನು ನೋಡಿ ಖುಷಿಪಡಲು ಹೋದೆವೋ ಅದರ ಮೀನಿನ ಹೊಟ್ಟೆಗೆ ನಮ್ಮ ಅಂಗಿಯ ನೂಲನ್ನು ತಿನ್ನಿಸಿ ಬರುತ್ತೇವೆ. ನಮಗೆ ರಜೆಯ ಜಾಗವಾದ ಆ ದಡ, ಮೀನು ಹಿಡಿದು ಬದುಕುವವರಿಗೆ ಹೊಲವೂ ಹೌದು, ಅಂಗಳವೂ ಹೌದು.

ಇನ್ನು ಎಸೆದ ಬಟ್ಟೆ ಎಲ್ಲಿಗೆ ಹೋಗುತ್ತದೆ? ಎಸೆಯುವುದಿಲ್ಲ, ಬಡವರಿಗೆ ಕೊಡುತ್ತೇವೆ ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿರುತ್ತದೆ. ಉರ್ದುವಿನಲ್ಲಿ ಒಬ್ಬರು ಉಟ್ಟು ಬಿಟ್ಟ ಬಟ್ಟೆಗೆ 'ಉತರನ್' ಎನ್ನುತ್ತಾರೆ. ವಾಜಿದಾ ತಬಸ್ಸುಮ್ ಅವರ ಪ್ರಸಿದ್ಧ ಕಥೆಯ ಹೆಸರೂ ಅದೇ. ಹೈದರಾಬಾದಿನ ನವಾಬರ ಮನೆಯ ಮಗಳು ಬಿಟ್ಟ ಬಟ್ಟೆಗಳನ್ನೇ ಉಟ್ಟು ಬೆಳೆದ ಆಳಿನ ಮಗಳು ಕೊನೆಗೆ ತೀರಿಸಿಕೊಳ್ಳುವ ಸೇಡನ್ನು ಓದಿದವರು ಮರೆಯಲಾರರು. ಕೊಡುವವರಿಗೆ ಅದು ದಾನ, ಪಡೆಯುವವರಿಗೆ ಪ್ರತಿದಿನದ ಅವಮಾನ ಎಂಬ ಸತ್ಯವನ್ನು ಆ ಕಥೆ ಮುಲಾಜಿಲ್ಲದೆ ಹೇಳುತ್ತದೆ. ನಮಗೆ ಪ್ರಿಯವಾದುದನ್ನು ಕೊಡದೆ ಪುಣ್ಯವನ್ನು ತಲುಪಲಾಗದು ಎಂಬ ಆಶಯವನ್ನು ಕುರ್‌ಆನ್ ನಮ್ಮ ಮುಂದಿಟ್ಟಿದೆ. ಬೇಡವಾದುದನ್ನು ಸಾಗಿಸುವುದಕ್ಕೆ ದಾನ ಎಂಬ ಹೆಸರು ಸಲ್ಲುವುದಿಲ್ಲ.

ಇವತ್ತು ಉತರನ್ ಒಂದು ಜಾಗತಿಕ ವ್ಯಾಪಾರ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಕಾಂಟಮಾಂಟೊ ಎಂಬ ಹಳೆ ಬಟ್ಟೆಯ ಮಾರುಕಟ್ಟೆ ಇದೆ. ಅಲ್ಲಿ ಕೆಲಸ ಮಾಡುವ ಸಂಘಟನೆಯೊಂದರ ಅಂದಾಜಿನಂತೆ ವಾರಕ್ಕೆ ಸುಮಾರು ಒಂದೂವರೆ ಕೋಟಿ ಉಡುಪುಗಳು ಹಡಗುಗಳಲ್ಲಿ ಅಲ್ಲಿಗೆ ಬರುತ್ತವೆ. ಅಲ್ಲಿನ ಜನ ಅವುಗಳಿಗೆ 'ಸತ್ತ ಬಿಳಿಯರ ಬಟ್ಟೆ' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಬದುಕಿರುವವರು ಇಷ್ಟೊಂದು ಬಟ್ಟೆ ಬಿಟ್ಟುಕೊಡಲು ಸಾಧ್ಯವೆಂದು ಅವರಿಗೆ ನಂಬಲಾಗಿರಲಿಲ್ಲ. ಆ ಮೂಟೆಗಳನ್ನು ತಲೆಯ ಮೇಲೆ ಹೊರುವವರು ದೇಶದ ಉತ್ತರ ಭಾಗದ ಬಡ ಊರುಗಳಿಂದ ಬಂದ ಹುಡುಗಿಯರು. ಅವರಲ್ಲಿ ಅನೇಕರು ಮುಸ್ಲಿಮರು. ವ್ಯಾಪಾರಿಗಳು ಹೊಲಿದು, ಬಣ್ಣ ಹಾಕಿ, ಇಸ್ತ್ರಿ ಮಾಡಿ ಎಷ್ಟೋ ಬಟ್ಟೆಗೆ ಮರುಜೀವ ಕೊಡುತ್ತಾರೆ. 2025ರ ಜನವರಿಯ ಮೊದಲ ದಿನಗಳಲ್ಲಿ ಬೆಂಕಿ ಬಿದ್ದು ಆ ಮಾರುಕಟ್ಟೆಯ ಬಹುಭಾಗ ಸುಟ್ಟುಹೋದಾಗ ಸಾವಿರಾರು ಜನರ ಅನ್ನ ಹೋಯಿತು. ಆದರೆ ಅವರಿಂದಲೂ ಮಾರಲಾಗದ ಬಟ್ಟೆ ಚರಂಡಿಗೆ, ಅಲ್ಲಿಂದ ಕಡಲಿಗೆ ಹೋಗುತ್ತದೆ. ಅಲೆಗಳು ಅವುಗಳನ್ನು ಹೊಸೆದು ಹಗ್ಗದಂತೆ ಮಾಡಿ ಅಕ್ರಾದ ಮರಳಿನಲ್ಲಿ ಹೂಳುತ್ತವೆ. ಮೀನುಗಾರರ ಬಲೆಗೆ ಬಟ್ಟೆ ಸಿಗುತ್ತದೆ. ಒಂದು ಕಡಲ ದಡದಲ್ಲಿ ಮೂರು ದಿನ ಮೆರೆದದ್ದು ಇನ್ನೊಂದು ಕಡಲ ದಡದಲ್ಲಿ ನೂರಾರು ವರ್ಷ ಕೊಳೆಯದೆ ಬಿದ್ದಿರುತ್ತದೆ. ನಮ್ಮ ಊರಿನ ಬಟ್ಟೆ ಅಕ್ರಾಕ್ಕೆ ಹೋಗದಿರಬಹುದು. ಅದು ಊರಾಚೆಯ ಕಸದ ಗುಡ್ಡಕ್ಕೆ ಹೋಗುತ್ತದೆ. ಗುಡ್ಡದ ಪಕ್ಕದಲ್ಲಿ ವಾಸಿಸುವವರು ಎಂಥವರು ಎಂದು ಎಲ್ಲರಿಗೂ ಗೊತ್ತು.

'ಮಾನ ಮುಚ್ಚಲು ಬಟ್ಟೆ' ಎನ್ನುತ್ತದೆ ಕನ್ನಡ. ಕುರ್‌ಆನಿನಲ್ಲಿಯೂ ಉಡುಪಿಗೆ ಮೈಮುಚ್ಚುವ ಕೆಲಸ ಮತ್ತು ಅಲಂಕಾರದ ಕೆಲಸ ಎರಡನ್ನೂ ಹೇಳಿ, ಅವೆರಡಕ್ಕಿಂತ ಮೇಲಿನದು ತಖ್ವಾದ, ಅಂದರೆ ದೇವಭಯದ ಉಡುಪು ಎಂದಿದೆ. ನಾವು ಮೊದಲನೆಯದರ ಬಗ್ಗೆ ಜಗಳವಾಡಿ, ಎರಡನೆಯದಕ್ಕೆ ದುಡ್ಡು ಸುರಿದು, ಮೂರನೆಯದನ್ನು ಉಪನ್ಯಾಸಗಳಿಗೆ ಬಿಟ್ಟಿದ್ದೇವೆ. ಒಂದು ಉಡುಪು ಉಟ್ಟವಳ ಮಾನವನ್ನು ಸಂಪೂರ್ಣ ಮುಚ್ಚಿ, ಹೊಲಿದವಳ ಮಾನವನ್ನೂ ಅದು ಕೊನೆಗೆ ಹೋಗಿ ಬೀಳುವ ಊರಿನವರ ಮಾನವನ್ನೂ ಕಳೆಯುವುದಾದರೆ ಅದನ್ನು ಮಾನದ ಉಡುಪು ಎನ್ನಬಹುದೇ? ಈ ಪ್ರಶ್ನೆ ಬಿಕಿನಿಗೂ ಅಷ್ಟೇ, ಬುರ್ಕಿನಿಗೂ ಅಷ್ಟೇ, ಗಂಡಸರ ಚಡ್ಡಿಗೂ ಅಷ್ಟೇ.

ಹೊಲಿದವಳ ಮಾತು ಬಂದಾಗ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ದುಡಿಯುತ್ತಾರೆ. ನಾವೆಲ್ಲ ಬಟ್ಟೆ ಕೊಳ್ಳುವುದನ್ನು ಕಡಿಮೆ ಮಾಡಿದರೆ ಅವರ ಗತಿಯೇನು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ವಿದೇಶಿ ಕಂಪನಿಗಳು ಬೇಡಿಕೆ ರದ್ದು ಮಾಡಿದಾಗ ಬರಿಗೈಯಲ್ಲಿ ನಿಂತವರು ಇವರೇ. ಆದರೆ ಅಗ್ಗದ ಬಟ್ಟೆ ಅಗ್ಗವಾಗುವುದು ಯಾವುದರಿಂದ ಎಂದೂ ನೋಡಬೇಕು. ಅಗ್ಗವಾಗುವುದು ಆಕೆಯ ಕೂಲಿಯಲ್ಲಿ, ಆಕೆಯ ಕುತ್ತಿಗೆ ಬೆನ್ನುಗಳಲ್ಲಿ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಕೆಲಸಕ್ಕೆ ಕರೆದಿದ್ದರು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೀದಿಗಿಳಿದು ಕೇಂದ್ರ ಸರಕಾರ ಅದನ್ನು ಹಿಂದೆಗೆದುಕೊಳ್ಳುವಂತೆ ಮಾಡಿದರು. ಅವರು ಕೇಳಿದ್ದು ತಮ್ಮದೇ ದುಡ್ಡನ್ನು. ನಾವು ಹೆಚ್ಚು ಹೆಚ್ಚು ಕೊಂಡ ವರ್ಷಗಳಲ್ಲಿಯೂ ಅವರು ಒಂದೊಂದು ರೂಪಾಯಿಗೆ ಹೋರಾಡಬೇಕಾಯಿತು ಎಂದರೆ, ನಮ್ಮ ಖರೀದಿ ಅವರಿಗೆ ಮಾಡುವ ಉಪಕಾರ ಎಂಬುದು ಅರ್ಧಸತ್ಯ. ಹತ್ತು ಅಗ್ಗದ ಅಂಗಿಗಳ ಬದಲು ನ್ಯಾಯದ ಬೆಲೆಯ ಎರಡು ಅಂಗಿಗಳಿಂದಲೂ ಒಬ್ಬಳ ಮನೆ ನಡೆಯಬಹುದು. ಆದರೆ ಆ ಬೆಲೆ ಆಕೆಗೆ ತಲುಪುವ ವ್ಯವಸ್ಥೆ ಗಿರಾಕಿಯೊಬ್ಬನ ಒಳ್ಳೆಯತನದಿಂದ ಆಗುವುದಲ್ಲ. ಅದಕ್ಕೆ ಕಾನೂನು ಬೇಕು, ಕಾರ್ಮಿಕ ಸಂಘ ಬೇಕು. ಕಡಿಮೆ ಕೊಳ್ಳುವವರು ಆ ಹೋರಾಟದ ಜೊತೆಗೂ ನಿಲ್ಲಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಬಡವರ ಪರವಾದದ್ದು. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ವರ್ಷಗಟ್ಟಲೆ ಬಾಳುತ್ತದೆ. ಹೊರಗೆ ದುಡಿದು ಬಂದು ರಾತ್ರಿ ಬಟ್ಟೆ ಒಗೆಯುವ ಹೆಂಗಸಿಗೆ ಅದು ದೊಡ್ಡ ಆಸರೆ. ಕೈಮಗ್ಗದ ಸೀರೆ ಉಟ್ಟವರು ಆಕೆಗೆ ಪರಿಸರದ ಪಾಠ ಹೇಳುವುದು ಸಲ್ಲದು. ಹತ್ತಿಯೂ ಪೂರ್ತಿ ನಿರಪರಾಧಿಯಲ್ಲ. ಒಂದು ಹತ್ತಿ ಅಂಗಿಯ ಹಿಂದೆ ಜಾಗತಿಕ ಸರಾಸರಿ ಲೆಕ್ಕದಲ್ಲಿ ಸುಮಾರು 2,500 ಲೀಟರ್ ನೀರು ಖರ್ಚಾಗುತ್ತದೆ. ಸೋವಿಯತ್ ಕಾಲದಲ್ಲಿ ಹತ್ತಿ ಹೊಲಗಳಿಗಾಗಿ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ತಿರುಗಿಸಿದ್ದರಿಂದ ಅರಲ್ ಎಂಬ ಸಮುದ್ರವೇ ಬಹುಪಾಲು ಬತ್ತಿಹೋಯಿತು. ಉಜ್ಬೇಕಿಸ್ತಾನದ ಮುಯ್ನಾಕ್ ಎಂಬ ಬಂದರು ಊರಿನಲ್ಲಿ ತುಕ್ಕು ಹಿಡಿದ ದೋಣಿಗಳು ಇಂದಿಗೂ ಮರಳಿನ ಮೇಲೆ ನಿಂತಿವೆ. ಪ್ಲಾಸ್ಟಿಕ್ ನೂಲು ಕಡಲನ್ನು ಕೆಡಿಸಿತು ಎನ್ನುವಾಗ ಹತ್ತಿಯ ದುರಾಸೆ ಒಂದು ಕಡಲನ್ನೇ ಕುಡಿದುಬಿಟ್ಟದ್ದನ್ನು ಮರೆಯಬಾರದು. ಅಲ್ಲದೆ ನೆನೆದ ಹತ್ತಿ ಬಟ್ಟೆ ಭಾರ. ಅದನ್ನುಟ್ಟು ಅಲೆಯಲ್ಲಿ ಈಜುವುದು ಅಪಾಯ. ನಿಜವಾಗಿ ಈಜುವವರಿಗೆ ಹಗುರವಾದ ಈಜುಡುಗೆ ಬೇಕೇಬೇಕು. ನಮ್ಮ ಹೆಣ್ಣುಮಕ್ಕಳು ಈಜು ಕಲಿಯುವುದಾದರೆ, ಅವರಿಗೆ ಒಪ್ಪುವ ಉಡುಪು ಕೃತಕ ನೂಲಿನದಾದರೂ ಅದು ಬರಲಿ ಎಂದೇ ನಾನು ಹೇಳುತ್ತೇನೆ. ಗಂಡ ಮಕ್ಕಳು ನೀರಿನಲ್ಲಿ ಆಡುತ್ತಿದ್ದರೆ ಮೇ ತಿಂಗಳ ಬಿಸಿಲಿನಲ್ಲಿ ಚೀಲ ಚಪ್ಪಲಿ ಕಾಯುತ್ತ ಮರಳಿನ ಮೇಲೆ ಕೂತ ಹೆಂಗಸನ್ನು ನೋಡಿದವರಾರೂ ಇದಕ್ಕೆ ಬೇರೆ ಉತ್ತರ ಕೊಡಲಾರರು.

ಹಾಗಾದರೆ ತಪ್ಪು ಯಾವ ನೂಲಿನಲ್ಲಿದೆ? ನೂಲಿಗಿಂತ ಹೆಚ್ಚಾಗಿ ಅದು ಅವಧಿಯಲ್ಲಿದೆ ಎನ್ನುವುದು ನನ್ನ ತಿಳಿವು. ಈದಿಗೆ ತಂದ ಬಟ್ಟೆ ನಮ್ಮ ಮನೆಗಳಲ್ಲಿ ಮೊದಲು ಈದ್‌ಗಾಹಿಗೆ, ಆಮೇಲೆ ವರ್ಷವಿಡೀ ಮದುವೆಗಳಿಗೆ, ಆಮೇಲೆ ಶಾಲೆಗೆ ಹೋಗುತ್ತಿತ್ತು. ಅಣ್ಣನಿಂದ ತಮ್ಮನಿಗೆ ಇಳಿಯುತ್ತಿತ್ತು. ಕೊನೆಗೆ ಕೌದಿಯ ಒಳಗೆ ಸೇರುತ್ತಿತ್ತು. ಅದು ಬಡತನದ ಕಾಲ, ಅದನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಆದರೆ ಹೊಸ ಬಟ್ಟೆಯ ಸಂತೋಷ ಆಗ ಕಡಿಮೆಯೇನೂ ಇರಲಿಲ್ಲ. ಹೊಸದನ್ನು ಉಡುವುದು ಇಸ್ರಾಫ್ ಅಲ್ಲ, ಅಲಂಕಾರಕ್ಕೆ ನಮ್ಮ ಧರ್ಮದಲ್ಲಿ ನಿಷೇಧವಿಲ್ಲ. ಹರಿಯುವ ಹೊಳೆಯ ದಡದಲ್ಲಿ ವುಜೂ ಮಾಡುವಾಗಲೂ ನೀರು ಪೋಲು ಮಾಡಬೇಡ ಎಂದು ಮದರಸದಲ್ಲಿ ಕಲಿತವರು ನಾವು. ಹೊಳೆಯ ನೀರು ಮುಗಿದುಹೋಗುತ್ತದೆ ಎಂಬುದು ಆ ಪಾಠದ ತಿರುಳಲ್ಲ. ಹೇರಳವಾಗಿ ಸಿಗುತ್ತದೆ ಎಂಬುದೇ ಬಳಸಲು ಕಾರಣವಾಗಬಾರದು ಎಂಬುದು ಅದರ ತಿರುಳು. ಅಗ್ಗದ ಬಟ್ಟೆಯ ಅಂಗಡಿಯೂ ಇವತ್ತು ಅಂಥದೊಂದು ಹರಿಯುವ ಹೊಳೆ.

ಈಚೆಗೆ ಇದಕ್ಕೂ ಮಾರುಕಟ್ಟೆ ಒಂದು ಪರಿಹಾರ ತಂದಿದೆ. ಪರಿಸರಸ್ನೇಹಿ ಎಂಬ ಹಸಿರು ಚೀಟಿ ಅಂಟಿಸಿದ, ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡಿದ ಈಜುಡುಗೆ. ಬಾಟಲಿಯನ್ನು ಕರಗಿಸಿ ಮತ್ತೆ ಬಾಟಲಿ ಮಾಡಬಹುದು. ಹಿಗ್ಗುವ ನೂಲು ಬೆರೆಸಿ ಅದನ್ನು ಉಡುಪು ಮಾಡಿದ ಮೇಲೆ ಮತ್ತೆ ಬಳಸುವುದು ಬಹಳ ಕಷ್ಟ. ಒಗೆದಾಗ ಅದರಿಂದಲೂ ಎಳೆ ಉದುರುತ್ತದೆ. ಚೀಟಿ ಇದನ್ನು ಹೇಳುವುದಿಲ್ಲ. ಇಮಾಮ್ ಅಬೂ ಹನೀಫಾ ಅವರು ಕೂಫಾ ನಗರದಲ್ಲಿ ಬಟ್ಟೆ ವ್ಯಾಪಾರಿಯೂ ಆಗಿದ್ದರು. ಅವರ ಪಾಲುದಾರರೊಬ್ಬರು ದೋಷವಿದ್ದ ಬಟ್ಟೆಯನ್ನು ದೋಷ ತಿಳಿಸದೆ ಮರೆತು ಮಾರಿದರಂತೆ. ಕೊಂಡವನು ಯಾರೆಂದು ಪತ್ತೆಯಾಗದಿದ್ದಾಗ ಇಮಾಮರು ಆ ಸರಕಿನ ಹಣವನ್ನೆಲ್ಲ ದಾನ ಮಾಡಿದರೆಂದು ಹೇಳುತ್ತಾರೆ. ಇಂದಿನ ಬಟ್ಟೆಯ ದೋಷ ನೇಯ್ಗೆಯಲ್ಲಿ ಕಾಣುವುದಿಲ್ಲ. ಅದು ಹುಟ್ಟಿದ ಜಾಗದಲ್ಲಿ ಮತ್ತು ಸೇರುವ ಜಾಗದಲ್ಲಿದೆ. ಮಾರುವವನು ಹೇಳದಿದ್ದರೆ ಕೊಳ್ಳುವವನಾದರೂ ಕೇಳಬೇಕು.

ಬೇಸಗೆಯ ಪ್ರವಾಸಕ್ಕೆ ಇದರಿಂದ ದೊಡ್ಡ ತ್ಯಾಗವೇನೂ ಬೇಕಾಗುವುದಿಲ್ಲ. ಕರಾವಳಿಯ ಸೆಕೆಗೆ ಬೇಕಾದ ಬಟ್ಟೆ ನಮ್ಮ ಪೆಟ್ಟಿಗೆಗಳಲ್ಲೇ ಇದೆ. ಬಹಳ ಸಲ ಒಗೆದು ಮೆತ್ತಗಾದ ಹತ್ತಿಯ ಜುಬ್ಬಾ, ಸಡಿಲ ಸಲ್ವಾರು, ಲುಂಗಿ, ಅಜ್ಜನ ಕಾಲದ ಪಂಚೆ. ಒಂದು ತೆಳು ಹತ್ತಿ ಸೀರೆ ಬಿಸಿಲಿಗೆ ಹೊದಿಕೆಯಾಗುತ್ತದೆ, ಮರಳಿಗೆ ಹಾಸಿಗೆಯಾಗುತ್ತದೆ, ಬಟ್ಟೆ ಬದಲಿಸುವಾಗ ಮರೆಯಾಗುತ್ತದೆ. ಹತ್ತಿ ಬುರ್ಖಾ ಹೊಲಿಸಲು ಊರಿನ ದರ್ಜಿಗೆ ಹೇಳಿದರೆ ಬೆವರೂ ಕಡಿಮೆ, ಅವನ ಹೊಲಿಗೆ ಯಂತ್ರವೂ ನಿಲ್ಲುವುದಿಲ್ಲ. ಈಜುವವರು ಒಂದು ಗಟ್ಟಿ ಈಜುಡುಗೆ ಕೊಂಡು, ಪ್ರತಿ ಸಲ ಸಿಹಿನೀರಿನಲ್ಲಿ ಜಾಲಾಡಿ ನೆರಳಿನಲ್ಲಿ ಒಣಗಿಸಿದರೆ ಅದು ವರ್ಷಗಟ್ಟಲೆ ಬರುತ್ತದೆ. ಬೆಳೆಯುವ ಮಕ್ಕಳ ಈಜುಡುಗೆಯನ್ನು ನೆಂಟರ ಮನೆಯಿಂದ ಕೇಳಿ ತರುವುದಕ್ಕೆ ನಾಚಿಕೆಪಡಬೇಕಾಗಿಲ್ಲ. ಮದುವೆಗೆ ಒಡವೆ ಎರವಲು ತಂದ ಸಮಾಜ ನಮ್ಮದು. ನಮ್ಮ ಕಾಸರಕೋಡು ಮತ್ತು ಪಡುಬಿದ್ರಿಯ ಕಡಲ ದಡಗಳಿಗೆ 2020ರಲ್ಲಿ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಆ ಮನ್ನಣೆಗೆ ನೀರು, ಮರಳು, ಸುರಕ್ಷತೆಯನ್ನು ಪರೀಕ್ಷಿಸುತ್ತಾರೆ. ಬರುವವರ ಚೀಲವನ್ನು ಯಾರೂ ಪರೀಕ್ಷಿಸುವುದಿಲ್ಲ, ಪರೀಕ್ಷಿಸಲೂ ಬಾರದು. ಆ ಕೆಲಸ ಅವರವರಿಗೇ ಬಿಟ್ಟದ್ದು.

ಕಡಲಿನಿಂದ ಘಟ್ಟ ಹತ್ತಿದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಸಿದ್ದಿ ಜನರ ಹಳ್ಳಿಗಳಿವೆ. ಅವರ ಹಿರೀಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಹಲವರು ಗುಲಾಮರಾಗಿ. ಇಂದು ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಅಲ್ಲಿನ ಹೆಂಗಸರು ಹರಿದ ಸೀರೆ ಅಂಗಿಗಳ ತುಂಡುಗಳನ್ನು ಸೇರಿಸಿ ಕವಂದಿ ಎಂಬ ಕೌದಿ ಹೊಲಿಯುತ್ತಾರೆ. ಮೂಲೆಗಳಿಗೆ ತ್ರಿಕೋನದ ಬಟ್ಟೆಯ ಹೂವು ಇಟ್ಟ ಮೇಲೆಯೇ ಅದು ಪೂರ್ಣವಾಯಿತೆಂದು ಲೆಕ್ಕ. ಚಿಂದಿಗೂ ಹೂವಿಟ್ಟು ಗೌರವದಿಂದ ಕಳುಹಿಸಿಕೊಡುವ ಆ ಬಡ ಹೆಂಗಸರ ಕೈಕೆಲಸ ಈಗ ಪ್ರದರ್ಶನಗಳಲ್ಲೂ ಮೆಚ್ಚುಗೆ ಪಡೆಯುತ್ತಿದೆ. ಮೆಚ್ಚುವವರು ಅದರ ಬಣ್ಣದ ಜೊತೆಗೆ, ಒಂದು ಬಟ್ಟೆಗೆ ಎಷ್ಟು ಆಯುಷ್ಯವಿರಬಹುದು ಎಂಬುದನ್ನೂ ಅಲ್ಲಿ ನೋಡಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಕನ್ನಡದ ಗಾದೆ. ಉರ್ದುವಿನವರು ಅದನ್ನೇ ಚಾದರ ನೋಡಿ ಕಾಲು ಚಾಚು ಎನ್ನುತ್ತಾರೆ. ನಾವು ಇದುವರೆಗೆ ಈ ಗಾದೆಯನ್ನು ಜೇಬಿಗೆ ಮಾತ್ರ ಅನ್ವಯಿಸಿಕೊಂಡಿದ್ದೇವೆ. ಜೇಬು ಈಗ ಹಲವರದು ತುಂಬಿದೆ, ಬಟ್ಟೆಯೂ ಅಗ್ಗ. ಆದರೆ ಹಾಸಿಗೆ ನಮ್ಮೊಬ್ಬರದಲ್ಲ. ಪೀಣ್ಯದ ಹೊಲಿಗೆಯವಳು, ಅಕ್ರಾದ ಮೂಟೆ ಹೊರುವವಳು, ಮಲ್ಪೆಯ ಮೀನುಗಾರ ಎಲ್ಲರೂ ಅದರ ಮೇಲೆ ಮಲಗಿದ್ದಾರೆ. ಈ ಬೇಸಗೆಯಲ್ಲಿ ಅಂಗಡಿಯಲ್ಲಿ ನಿಂತು ಒಂದು ಅಂಗಿಯನ್ನು ಕೈಗೆತ್ತಿಕೊಂಡಾಗ, ಇದು ನನಗೆ ಒಪ್ಪುತ್ತದೆಯೇ ಎಂದು ಕೇಳಿಕೊಂಡ ಮೇಲೆ, ಇದನ್ನು ಎಷ್ಟು ಬೇಸಗೆ ಉಡುತ್ತೇನೆ ಎಂದೂ ಕೇಳಿಕೊಳ್ಳಿ. ಒಂದೇ ಎಂಬ ಉತ್ತರ ಬಂದರೆ ಅದನ್ನು ಅಲ್ಲೇ ಇಟ್ಟು ಕಡಲಿಗೆ ಹೊರಡಿ. ಹಳೆಯ ಬಟ್ಟೆಯಲ್ಲಿ ಹೋದವರಿಗೂ ಅಲೆ ಅಷ್ಟೇ ಎತ್ತರಕ್ಕೆ ಬರುತ್ತದೆ.